ನಾನು ಸರಿಸಿದ ಕಲ್ಲು

ಇದನ್ನು ಹೇಳಬೇಕೆಂದು ಹಲವು ಸಲ ಕುಳಿತಿದ್ದೇನೆ, ಹಲವು ಸಲ ಎದ್ದು ಹೋಗಿದ್ದೇನೆ. ಮಗಳ ಮದುವೆಯಾಗಲಿ ಎಂದು ಒಮ್ಮೆ, ಕಣ್ಣಿನ ಆಪರೇಷನ್ ಆಗಲಿ ಎಂದು ಒಮ್ಮೆ. ಎರಡೂ ಮುಗಿದು ಬಹಳ ದಿನವಾಯಿತು.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಕಲಬುರಗಿ ಜಿಲ್ಲೆಯ ಕಮಲಾಪುರದ ಸುತ್ತ ಬೋರ್‌ವೆಲ್ಲಿಗೆ ಜಾಗ ತೋರಿಸುವುದು ನನ್ನ ಕೆಲಸವಾಗಿತ್ತು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲ ಸುತ್ತುತ್ತಿದ್ದೆ. ಕಾಯಿ ಎದ್ದು ನಿಂತಲ್ಲಿ ನೀರು. ಕೆಲವು ಸಲ ಅದು ತಾನಾಗಿಯೇ ಎದ್ದಿತೆಂದು ಈಗಲೂ ನಂಬುತ್ತೇನೆ. ಕೆಲವು ಸಲ ನಾನೇ ಎಬ್ಬಿಸಿದ್ದೇನೆ.

ನಮ್ಮ ನೌಕೆ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದ ಸಂಜೆ ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ, ಮಗಳ ಮನೆಯಲ್ಲಿ ಟಿವಿ ಮುಂದೆ ಕುಳಿತಿದ್ದೆ. ಅಲ್ಲಿ ನೀರು ಹುಡುಕುವ ಮಾತು ಬಂದಾಗ ಅಳಿಯ ನನ್ನ ಕಡೆ ತಿರುಗಿದ.

“ಮಾವಾರ, ಇಷ್ಟೆಲ್ಲಾ ಮಷೀನ್ ಯಾಕ ಬೇಕಿತ್ರಿ? ನಿಮ್ಮ ಕೈಯಾಗ ಒಂದು ಟೆಂಗಿನಕಾಯಿ ಕೊಟ್ಟು ಕಳಿಸಿದ್ರ ಆಗ್ತಿತ್ತು!”

“ಅಪ್ಪ ಬರಿಗಾಲಾಗೇ ಹೋಗ್ತಾರ. ಅಲ್ಲೇನು ಮುಳ್ಳಿಲ್ಲ,” ಎಂದಳು ಮಗಳು.

ನಾನೂ ನಕ್ಕೆ. ಕೆಲವು ದಿನಗಳ ನಂತರ, ನೌಕೆಯಿಂದ ಒಂದು ಸಲಾಕೆ ಚಂದ್ರನ ಮಣ್ಣಿಗಿಳಿದು ಅದರ ಬಿಸಿ ಅಳೆಯಿತೆಂದು ಸುದ್ದಿಯಲ್ಲಿ ಹೇಳಿದರು. ಅವತ್ತು ನನಗೆ ಊಟ ಸೇರಲಿಲ್ಲ.

ಸುಮಾರು ಹದಿನಾಲ್ಕು ವರ್ಷದ ಹಿಂದೆ ಕಮಲಾಪುರದ ಒಂದು ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗಿ ನೆಲಕ್ಕೆ ಸಲಾಕೆ ಬಡಿಯುವುದನ್ನು ನೋಡಿದ್ದೆ. ಭೂಗರ್ಭಶಾಸ್ತ್ರ ಓದಿ ಬಂದವಳು. ನಾಲ್ಕು ಸಲಾಕೆ ನೆಟ್ಟು, ತಂತಿ ಎಳೆದು, ಕರೆಂಟ್ ಹರಿಸಿ, ಮೀಟರ್ ನೋಡಿ ಬರೆದುಕೊಳ್ಳುತ್ತಿದ್ದಳು. ಹೆಡ್‌ಮಾಸ್ತರರು ಅವಳನ್ನೂ ಕರೆಸಿದ್ದರು, ನನ್ನನ್ನೂ ಕರೆಸಿದ್ದರು. ಮೊದಲು ಅವಳ ಜಾಗದಲ್ಲಿ ಕೊರೆಯುವುದು, ನೀರು ಬೀಳದಿದ್ದರೆ ನಾನು ತೋರಿಸಿದಲ್ಲಿ ಎಂದು ಮಾತಾಗಿತ್ತು.

ಮಕ್ಕಳು ಅವಳನ್ನು ಮುತ್ತಿಕೊಂಡಿದ್ದರು. “ಚಂದ್ರನ ಮ್ಯಾಲ ಕರಿ ಕಲೆ ಕಾಣ್ತಾವಲ್ಲ, ಅವೂ ನಮ್ಮ ಕಡಿ ಕರಿಕಲ್ಲಿನಂಥವೇ,” ಎಂದಳು ಅವಳು. “ಅಂಥ ಚಂದ್ರನ ಮ್ಯಾಲೇ ನಮ್ಮ ನೌಕೆ ನೀರಿನ ಗುರುತು ಹಿಡದದ. ನಿಮ್ಮ ಸಾಲ್ಯಾಗ ನನಗ ಸಿಗಂಗಿಲ್ಲೇನು?”

ಮಕ್ಕಳಲ್ಲೊಬ್ಬಳು ನನ್ನತ್ತ ಕೈಮಾಡಿ ಕೇಳಿದಳು: “ಮತ್ತ ಈ ಮುತ್ಯಾನ ಟೆಂಗಿನಕಾಯಿ ಏನ್ ಮಾಡೂದ್ರಿ?”

“ಚಟ್ನಿ ಮಾಡೂದು!” ಎಂದಳು ಸಲಾಕೆಯ ಹುಡುಗಿ.

ಮಕ್ಕಳು ನಕ್ಕರು, ಹೆಡ್‌ಮಾಸ್ತರರು ನಕ್ಕರು, ಬಾಗಿಲಲ್ಲಿದ್ದ ಶಾಲೆಯ ಜವಾನನೂ ಬಾಯಿಗೆ ಟವೆಲ್ ಹಿಡಿದು ನಕ್ಕ. ಅವಳ ಮಾತಿನಲ್ಲಿ ವಿಷವಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಇತ್ತು.

ಅವಳು ತನ್ನ ಜಾಗಕ್ಕೆ ಸುಣ್ಣ ಬಳಿದ ಕಲ್ಲಿಟ್ಟು ಹೋದಳು. ಮರುದಿನ ಭಾನುವಾರ ಮಧ್ಯಾಹ್ನ ನಾನು ಶಾಲೆಗೆ ಹೋದೆ. ಕಾವಲಿಗೆ ಜವಾನನೊಬ್ಬನೇ ಇದ್ದ.

“ಊಟ ಮಾಡಿ ಬಾ ಹೋಗು, ನಾ ಇರ್ತೀನಿ,” ಎಂದೆ.

ಅವನು ಗೇಟಿನಾಚೆ ಹೋದ ಮೇಲೆ ಕಲ್ಲನ್ನೆತ್ತಿ ಹದಿನೈದು ಹೆಜ್ಜೆ ಆಚೆ ಇಟ್ಟೆ. ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದೆ. ಕೊರೆಯುವ ಮೊದಲು ಜಾಗಕ್ಕೆ ಪೂಜೆ ಮಾಡುವವನು ನಾನೇ ಆದ್ದರಿಂದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಪೂಜೆಯಾದ ಕಲ್ಲನ್ನು ನಮ್ಮ ಕಡೆ ಯಾರೂ ಅಲುಗಿಸುವುದಿಲ್ಲ. ಅದು ಗೊತ್ತಿದ್ದೇ ಮಾಡಿದೆ.

ಸೋಮವಾರ ಬೋರ್ ಲಾರಿ ಬಂತು. ಹುಡುಗಿ ಕಲ್ಲು ನೋಡಿ, “ಇದು ನಂದು ಜಾಗ ಅಲ್ರಿ,” ಎಂದಳು. ಲಾರಿಯವನು ಕೇಳಲಿಲ್ಲ. “ಪೂಜಿ ಆಗ್ಯಾದ ತಂಗಿ. ಇನ್ನ ಸರಸಾಕ ಬರಂಗಿಲ್ಲ.”

ಬರೀ ಧೂಳು ಬಂತು. ಆಮೇಲೆ ನಾನು ಕಾಯಿ ಹಿಡಿದು ಸುತ್ತಿ, ಅವಳ ಮೊದಲಿನ ಜಾಗಕ್ಕೇ ಹೋಗಿ ನಿಂತು, ಬೆರಳಿನಿಂದ ಕಾಯಿ ಎಬ್ಬಿಸಿದೆ. ಅಲ್ಲಿ ನೀರು ಚಿಮ್ಮಿತು. ನನ್ನ ಕೊರಳಿಗೆ ಮಾಲೆ ಬಿತ್ತು.

“ಇದೇ ನನ್ನ ಜಾಗ. ಕಲ್ಲು ಯಾರೋ ಸರಿಸ್ಯಾರ,” ಎಂದು ಅವಳು ಅಳುದನಿಯಲ್ಲಿ ಹೇಳಿದಳು. ಹೆಡ್‌ಮಾಸ್ತರರು ಜವಾನನನ್ನು ಕರೆದರು. “ಕಾಯಾಕ ಇದ್ದಾಂವ ನೀನು. ಎಲ್ಲಿ ಹೋಗಿದ್ದಿ?”

ಅವನು ನನ್ನ ಮುಖ ನೋಡಿದ. ನಾನು ಮಾಲೆ ಸರಿಮಾಡಿಕೊಂಡೆ.

“ಊಟಕ್ಕ ಹೋಗಿದ್ನಿರಿ,” ಎಂದಷ್ಟೇ ಹೇಳಿದ. ಆ ವಾರವೇ ಅವನನ್ನು ಕೆಲಸದಿಂದ ತೆಗೆದರು. ಎಂಟು ವರ್ಷ ಗಂಟೆ ಬಾರಿಸಿದವನು ಊರು ಬಿಟ್ಟು ಕಲಬುರಗಿ ಹತ್ತಿರದ ಕೋಟನೂರಿಗೆ ಹೋಗಿ ಹಮಾಲಿ ಮಾಡಿದನೆಂದು ಆಮೇಲೆ ಕೇಳಿದೆ.

ಚಂದ್ರನ ಸಲಾಕೆಯ ಸುದ್ದಿ ಕೇಳಿದ ಮೇಲೆ ವಿಚಾರಿಸಿಕೊಂಡು ಕಲಬುರಗಿಯದೇ ಶಹಾಬಜಾರದಲ್ಲಿದ್ದ ಆ ಹುಡುಗಿಯ ಮನೆಗೆ ಹೋದೆ. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಎಲ್ಲ ಹೇಳಿ ಕೈಮುಗಿದೆ.

“ನನಗ ಅವತ್ತೇ ಗೊತ್ತಾಗಿತ್ರಿ,” ಎಂದಳು. “ಹೇಳಿದ್ರ ಯಾರು ನಂಬತಿದ್ರು? ನಿಮ್ಮ ಕೊರಳಾಗ ಮಾಲಿ ಇತ್ತು. ನಂದು ಬಿಡ್ರಿ, ನಾ ಬ್ಯಾರೆ ಕಡಿ ನೀರು ತೋರಿಸೀನಿ. ಕೆಲಸಾ ಕಳಕೊಂಡಾಂವ ಯಾರು? ಅವನ ಹಂತ್ಯಾಕ ಹೋಗ್ರಿ.”

ಕೋಟನೂರಿಗೆ ಹೋದೆ. ತಗಡಿನ ನೆರಳಲ್ಲಿ ಕುಳಿತಿದ್ದವನು ನನ್ನನ್ನು ಕಂಡು ಎದ್ದು ನಿಂತ. ನಾನು ಅವನ ಮನೆಯಲ್ಲಿ ಹಿಂದೆಂದೂ ನೀರು ಕುಡಿದವನಲ್ಲ; ಅವನ ಹೆಂಡತಿ ಚಹಾ ತರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದಳು. ಕೊಡವ್ವಾ ಎಂದೆ. ಮಾತು ಶುರುಮಾಡುವ ಮೊದಲೇ ಅವನೇ ಆ ದಿನದ ಮಾತು ತೆಗೆದ.

“ಅಣ್ಣಾರ, ತಪ್ಪು ನಂದೇರಿ. ನಾ ಊಟಕ್ಕ ಹೋಗಬಾರದಿತ್ತು. ನೀವು ಇದ್ರಿ ಅಂತ ನಾ ಹೇಳಲಿಲ್ಲ ನೋಡ್ರಿ. ಹೇಳಿದ್ರ ಸುಮ್ನ ನಿಮ್ಮ ಮ್ಯಾಲ ಬರ್ತಿತ್ತು. ನೀವು ಅಂಥವರಲ್ಲ.”

ನಾನು ಚಹಾ ಕುಡಿದೆ. ಚಲೋ ಆಗ್ಯಾದ ಎಂದೆ. ಅವನು ಬಸ್ ನಿಲ್ದಾಣದ ತನಕ ನನ್ನ ಜೊತೆ ಬಂದ. ಬಸ್ಸು ತಡವಾಗಿಯೇ ಬಂತು, ಹೇಳಲು ಬೇಕಾದಷ್ಟು ಹೊತ್ತಿತ್ತು. ನಾನು ಅವನ ಮೊಮ್ಮಕ್ಕಳು ಎಷ್ಟನೇ ತರಗತಿ ಎಂದು ಕೇಳುತ್ತ ನಿಂತೆ.

ಆಮೇಲೆ ಹೋಗಿಲ್ಲ. ಅವನು ಇನ್ನೂ ಇದ್ದಾನೆ, ನನ್ನನ್ನು ಒಳ್ಳೆಯವನೆಂದೇ ನಂಬಿದ್ದಾನೆ. ಹುಡುಗಿಗೆ ಕೈಮುಗಿದೆ. ಕೈಮುಗಿಯದೆ ಬಂದದ್ದು ಅವನಿಗೆ, ಕಮಲಾಪುರದ ಶಾಲೆಯ ಜವಾನನಿಗೆ.