ಹೊಸಮನೆಗೆ ಬಿದಿರು ಹೆಣೆದ ರಾಚಪ್ಪ ಮಾವ

ರಾಚಪ್ಪ ಮಾವ ಯಾರನ್ನು ಕಂಡರೂ ಮೊದಲು ತಲೆ ನೋಡುತ್ತಿದ್ದ, ಆಮೇಲೆ ಪಾದ. ಮುಖದ ಸರದಿ ಕಡೆಗೆ. ಕೊಳ್ಳೇಗಾಲದಲ್ಲಿ ಮೊರ, ಕುಕ್ಕೆ ಹೆಣೆಯುವುದು ಅವನ ಕಸುಬು; ಸಾವಾದರೆ ಚಟ್ಟ ಕಟ್ಟುವವನೂ ಅವನೇ. ಅದರಿಂದ ಕಣ್ಣಿಗೆ ಅಂಟಿದ ಚಾಳಿ. ನನ್ನನ್ನು ಕಂಡ ಮೊದಲ ದಿನವೇ, "ಐದಡಿ ಮೂರಿಂಚು. ನಿಂಗ ಬಿದ್ರು ಉಳೀತದ ಕಣ್ಲಾ," ಅಂದ. ಹೆಣ್ಣಿನ ಕಡೆಯವರಿಗೆಲ್ಲ ಐದಡಿ ಐದು ಅಂತ ಹೇಳಿಕೊಂಡು ತಿರುಗುತ್ತಿದ್ದ ನನ್ನ ಮಾನ ಅಲ್ಲೇ ಹೋಯಿತು.

ನಾವು ಸಿಕ್ಕಿದ್ದು ಹೊನ್ನೂರಿನಲ್ಲಿ, ಒಬ್ಬ ಮೇಷ್ಟ್ರ ಹೊಸ ಮನೆಯಲ್ಲಿ. ನಾನು ವೈರಿಂಗ್‌ನವನು. ಮೇಷ್ಟ್ರು ಫೋನಿನಲ್ಲಿ ಚಿತ್ರ ನೋಡಿ ನೋಡಿ ಕಾಂಕ್ರೀಟಿನೊಳಗೆ ಕಾಡು ತರಲು ಹೊರಟಿದ್ದರು. ಗೋಡೆಗೆ ಕೆಮ್ಮಣ್ಣು, ಬಲ್ಬಿಗೆ ಬಿದಿರು ಬುಟ್ಟಿ, ನಡುಮನೆಗೆ ಆಳೆತ್ತರದ ಬಿದಿರು ತಡಿಕೆ. ಇದನ್ನೆಲ್ಲ ಬಿಟ್ಟು ಬರೋಕೆ ನಮ್ಮಜ್ಜಿ ಜೀವಮಾನವೆಲ್ಲ ಒದ್ದಾಡಿದಳು ಸಾ, ಅಂತ ನಾನು ಕಿಚಾಯಿಸಿದ್ದೆ.

ಮಾವ ನಿಧಾನಿ. ಬಿದಿರು ನೀರಲ್ಲಿ ನೆನೆಯಬೇಕು, ನೆರಳಲ್ಲಿ ಒಣಗಬೇಕು. ಮೇಷ್ಟ್ರು ಅವಸರ ಮಾಡಿದರೆ, "ಅಸಿ ಬಿದ್ರಲ್ಲಿ ಬ್ಯಾರೆ ಕೆಲ್ಸ ಮಾಡ್ತೀನಿ ಸಾ. ಮನೆ ಕೆಲ್ಸ ಮಾಡದಿಲ್ಲ," ಅನ್ನುತ್ತಿದ್ದ. ಆ ಬೇರೆ ಕೆಲಸ ಯಾವುದೆಂದು ಹೊನ್ನೂರಿನವರಿಗೆ ಗೊತ್ತಿರಲಿಲ್ಲ; ನನಗೊಬ್ಬನಿಗೆ ಹೇಳಿದ್ದ. ನಾನು ತುಟಿ ಕಚ್ಚಿಕೊಂಡು ಸ್ವಿಚ್ಚಿನ ಕಡೆ ತಿರುಗುತ್ತಿದ್ದೆ.

ತಡಿಕೆಯಲ್ಲಿ ಹೊಂಗೆ ಎಲೆ ಮೂಡಿಸಿದ, ಎಲೆ ಸಂದಿಯಲ್ಲಿ ಎರಡು ಗುಬ್ಬಿ. ಗೃಹಪ್ರವೇಶಕ್ಕೆ ಕರೆದಿದ್ದರು ಅಂತ ಹೊಸ ಅಂಗಿ ಹೊಲಿಸಿದ್ದ. "ನಾನು ಇನ್ನೊಬ್ರ ಮನೆಗ ಓದ್ರ ಅಳೋರೇ ಎದುರ್ಗ ಬರೋದು ಕಣ್ಲಾ," ಅಂದಿದ್ದ ಒಂದು ಮಧ್ಯಾಹ್ನ. "ಈ ಸಲ ಊಟಕ್ಕ ಕೂರುಸ್ತಾರಂತ."

ಗೃಹಪ್ರವೇಶಕ್ಕೆ ಇನ್ನೂ ವಾರವಿತ್ತು. ಮಾವ ಅವತ್ತು ಬಂದಿರಲಿಲ್ಲ. ಉಂಡು ಅಡ್ಡಾಗಿದ್ದ ಪೇಂಟರುಗಳು, ಯಾರದಾದರೂ ಅಣಕ ಮಾಡೋ ಅಂದರು. ನನಗೆ ಅಷ್ಟು ಸಾಕು. ಟವಲು ಸುತ್ತಿಕೊಂಡು ಮಾವನಾದೆ. ಮಲಗಿದ್ದ ಒಬ್ಬನನ್ನೇ ಹೆಣ ಮಾಡಿ ಸುತ್ತ ನಡೆದೆ, ತಲೆ ನೋಡಿದೆ, ಪಾದ ನೋಡಿದೆ, ಹಲ್ಲು ಕಿರಿದು, "ಉದ್ದ ಅವ್ರ, ಚಟ್ಟಕ್ಕ ಇನ್ನೊಂದು ಗಳ ತನ್ನಿ," ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ತಾಯಿ ನಗಲಿಲ್ಲ.

"ನಮ್ಮನೆ ತಡಿಕೆ ಎಣೆದೋನು ಚಟ್ಟ ಕಟ್ಟೋನಾ?"

ಊರವರ ದನಿಯೆಲ್ಲ ಬರುವ ನಾನು ಟವಲು ಬಿಚ್ಚಿ ಸ್ವಿಚ್ಚಿನ ಕಡೆ ತಿರುಗಿದೆ.

ಮಾರನೆಯ ದಿನ ತಡಿಕೆ ಬಿಚ್ಚಿ ಹಿತ್ತಿಲಿಗೆ ಒಯ್ದರು. ಸ್ನಾನದ ಒಲೆಗೆ ಮೂರು ದಿನ ಬಂತು. ಅದರ ಜಾಗಕ್ಕೆ ಬಿದಿರಿನ ಚಿತ್ರವಿದ್ದ ಪ್ಲಾಸ್ಟಿಕ್ ಹಾಳೆ ಬಂತು. ಅದಕ್ಕೆ ಲೈಟು ಕೂರಿಸಿದವನು ನಾನೇ. ಗೃಹಪ್ರವೇಶಕ್ಕೆ ಬರಬೇಡ ಅಂತ ಮೇಷ್ಟ್ರು ಮಾವನಿಗೆ ಫೋನು ಮಾಡಿದರು. ಯಾಕೆ ಅಂತ ಅವನು ಕೇಳಲಿಲ್ಲವಂತೆ.

ಅವನು ತೀರಿಕೊಳ್ಳುವ ಹಿಂದಿನ ವಾರ ಕೊಳ್ಳೇಗಾಲದ ಅವನ ಮನೆಗೆ ಹೋದೆ. ಕೆಮ್ಮು ಹೆಚ್ಚಾಗಿ ಮಲಗಿದ್ದ. ಮೇಷ್ಟ್ರ ಮನೆಯವರಿಗೆ ನಿನ್ನ ಕಸುಬು ತಿಳಿದದ್ದು ನನ್ನಿಂದಲೇ, ಹೀಗೆ ಅಣಕ ಮಾಡಿದ್ದೆ, ಅಂತ ಒಪ್ಪಿಕೊಂಡೆ. ಬಯ್ಯಲಿ ಅಂತ ಕಾದೆ.

"ಮಾಡ್ಲಾ, ನೋಡ್ತೀನಿ," ಅಂದ.

ಮಾಡಿದೆ. ತಲೆ, ಪಾದ, ಹಲ್ಲು ಕಿರಿದದ್ದು, ಗಳದ ಮಾತು, ಎಲ್ಲ. ಅವನು ಕಣ್ಣು ಕದಲಿಸದೆ ಕೊನೆತನಕ ನೋಡಿದ.

"ನಡಿಗೆ ನಂದೇಯ. ದನೀನೂ ನಂದೇಯ," ಅಂದ. "ಸತ್ತೋರ ಮುಂದ ಮಾತ್ರ ನಾನು ಒಂದಿನಾನೂ ನಕ್ಕಿಲ್ಲ ಕಣ್ಲಾ."