ಮುದ್ದೆಯೊಳಗಿನ ಮಾತ್ರೆ

ಮುದ್ದೆ ಅಗಿಯೋದಲ್ಲ, ನುಂಗೋದು. ನಮ್ಮ ಕಡೆ ಮುದ್ದೆ ಅಗಿದರೆ ಹಲ್ಲಿಲ್ಲದ ಅಜ್ಜಿಯೂ ನಗುತ್ತಾಳೆ. ಇದೊಂದನ್ನೇ ನಂಬಿಕೊಂಡು ನಮ್ಮವ್ವ ನಾಲ್ಕು ತಿಂಗಳು ಅಣ್ಣನನ್ನು ಉಳಿಸಿಕೊಂಡಳು.

ತೊಂಬತ್ತರ ದಶಕದ ಮಾತು. ಅರಕಲಗೂಡಿನಲ್ಲಿ ನಾವು ಮೂರೇ ಜನ, ಅಪ್ಪ ತೀರಿಕೊಂಡಿದ್ದರು. ಮೇಷ್ಟರಾಗಲು ಓದುತ್ತಿದ್ದ ಅಣ್ಣನಿಗೆ ಇದ್ದಕ್ಕಿದ್ದಂತೆ ಎದುರುಮನೆಯವರು ತನ್ನ ಬಗ್ಗೆಯೇ ಪಿಸುಗುಟ್ಟುವುದು ಕೇಳತೊಡಗಿತು. ಹಾಸನದ ಡಾಕ್ಟರು ಮಾತ್ರೆ ಬರೆದು, ಒಂದು ದಿನವೂ ತಪ್ಪಿಸಬೇಡಿ ಅಂದರು. ಇವನೋ, "ವಿಷ ಕಣವ್ವಾ ಅದು" ಅಂತ ಬಚ್ಚಲಿಗೆ ಉಗಿಯುತ್ತಿದ್ದ. ಹಾಗೆ ಮಾತ್ರೆ ಬಿಟ್ಟು ಮನೆಯನ್ನೂ ಬಿಟ್ಟವನು ಮೂರು ದಿನದ ಮೇಲೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಬರಿಗಾಲಲ್ಲಿ ಸಿಕ್ಕಿದ. ಅವತ್ತಿನಿಂದ ಅವ್ವ ಮಾತ್ರೆ ಕುಟ್ಟಿ ಅವನ ಮುದ್ದೆಯೊಳಗೆ ಇಡತೊಡಗಿದಳು. ಗುರುತಿಗೆ ಮೇಲೊಂದು ಬೆರಳಿನ ಗುಳಿ, ಅದರಲ್ಲಿ ತುಪ್ಪ. ಊಟಕ್ಕೆ ಕೂತರೆ ನನಗೆ ಮೈಯೆಲ್ಲ ಕಣ್ಣು.

ಒಂದು ಮಧ್ಯಾಹ್ನ ಅಣ್ಣ ಮುದ್ದೆ ಮುಟ್ಟಲಿಲ್ಲ. ಗುಳಿಯನ್ನೇ ನೋಡಿದ. "ದಿನಾ ತುಪ್ಪ ನಂಗೊಬ್ನಿಗೇ ಯಾಕವ್ವಾ?" ಅಂತ ತಟ್ಟೆಯನ್ನು ಅವಳ ಮುಂದೆ ತಳ್ಳಿದ. "ಇವತ್ತು ನೀನುಣ್ಣು."

ಬೇಡ ಅಂದರೆ ಗುಟ್ಟು ರಟ್ಟು. ಆಮೇಲೆ ಅವಳ ಕೈಯಿಂದ ಅವನು ನೀರೂ ಕುಡಿಯೋನಲ್ಲ. ಅವ್ವ ನನ್ನ ಕಡೆ ನೋಡಲೂ ಇಲ್ಲ. "ಅದ್ಕೇನ್ಲಾ, ಕೊಡು" ಅಂದವಳೇ ಸೊಪ್ಪಿನ ಸಾರಿನಲ್ಲಿ ಅದ್ದಿ ಅದ್ದಿ ಇಡೀ ಮುದ್ದೆ ನುಂಗಿದಳು. ಅಯ್ಯೋ, ಎಂಥ ಹೆಂಗಸಪ್ಪಾ! ನನಗೆ ಸಿಟ್ಟೂ ಬಂತು, ಅಳುವೂ ಬಂತು.

ತಟ್ಟೆ ತೊಳೆಯಲು ಎದ್ದವಳು ಗೋಡೆ ಹಿಡಿದು ಕೂತಳು, ಹಾಗೇ ಚಾಪೆಯ ಮೇಲೆ ಒರಗಿದಳು. ಕರೆದರೆ ಹೂಂ ಅನ್ನುತ್ತಿದ್ದಳೇ ಹೊರತು ಕಣ್ಣು ಬಿಡಲಿಲ್ಲ. ಓಡಿಹೋಗಿ ಪಕ್ಕದ ಬೀದಿಯ ಕಾಂಪೌಂಡರಿಗೆ ಮಾತ್ರೆಯ ವಿಷಯ ಹೇಳಿ ಕರೆತಂದೆ. ನಾಡಿ ಹಿಡಿದು ನೋಡಿ, "ನಿದ್ದೆ ಕಣಮ್ಮ, ಏಳ್ತಾರೆ" ಅಂದರು. ಅಣ್ಣ ನಂಬಲಿಲ್ಲ. ಸಂಜೆಯವರೆಗೂ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಾ ಕೂತಿದ್ದ.

ದೀಪ ಹಚ್ಚೋ ಹೊತ್ತಿಗೆ ಅವ್ವ ಕಣ್ಣು ಬಿಟ್ಟಳು. ಅವನ ಮುಖ ಕಂಡದ್ದೇ, "ಉಂಡ್ಯೇನ್ಲಾ ಮಗಾ?" ಅಂದಳು.

ಅಣ್ಣ ಗೊಳೋ ಅಂತ ಅತ್ತ. ಆಮೇಲೆ ಅಂಗೈ ಚಾಚಿ, "ಇನ್ಮೇಲೆ ಮುದ್ದೆಗೆ ಆಕ್ಬ್ಯಾಡ ಕಣವ್ವಾ. ಕೈಗೇ ಕೊಡು, ನುಂಗ್ತೀನಿ" ಅಂದ.