ಎರವಲು ಚರ್ಮಕ್ಕೊಂದು ಎಲೆ

ಹಿಡಿಯಿತು! ನಮ್ಮ ಪೂರ್ವಿಯ ಮೈಗೆ ಹೊಸ ಚರ್ಮ ಹಿಡಿದುಕೊಂಡಿತು! ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿ ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಡೊಂಬಿವಲಿ ಸ್ಟೇಷನ್ನಿನಿಂದ ಬರುವಾಗ ರಿಕ್ಷಾದವನಿಗೂ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕ ಹಾಲಿನವನಿಗೂ ಹೇಳಿದೆ. ನಿಮಗೆ ಹೇಳದೆ ಇರುವುದು ಹೇಗೆ?

ಪೂರ್ವಿ ನನ್ನ ಮಗನ ಮಗಳು. ಮಳೆಗಾಲದ ಮೊದಲಲ್ಲಿ ಕುದಿಯುವ ಗಂಜಿಯ ಪಾತ್ರೆ ಮಗುಚಿ ಅವಳ ಬಲಗೈ, ಭುಜ, ಎದೆ ಬೆಂದಿತ್ತು. ಮೈ ಮುಚ್ಚದಿದ್ದರೆ ಮಗು ಉಳಿಯುವುದು ಕಷ್ಟ ಎಂದಿದ್ದರು.

ನಾನು ಓದಿದ್ದು ಮೂರನೇ ಕ್ಲಾಸು. ಚರ್ಮದ ಪಾಠ ಹೇಳಿದ್ದು ಕೋಳಿ. ಊರಿನಲ್ಲಿ ಅಗೇಲಿನ ದಿನ, ಎಂದರೆ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ, ಕೋಳಿ ಸುಲಿಯುವ ಕೆಲಸ ನನ್ನದಾಗಿತ್ತು. ಚರ್ಮದಡಿ ಬೆರಳು ತೂರಿಸಿದರೆ ಜೇಡನ ಬಲೆಯಂಥ ಬಿಳಿ ಪೊರೆ. ಅದು ಬಿಡುವಾಗ ಸಣ್ಣ ಸದ್ದು, ಯಾರೋ ತುಟಿ ತೆರೆದ ಹಾಗೆ. ಮೇಲೆ ತೆಳು ಪದರ, ಅದರಡಿ ದಪ್ಪ ಪದರ, ಆಮೇಲೆ ಕೊಬ್ಬು, ಎಲ್ಲವನ್ನೂ ಮಾಂಸಕ್ಕೆ ಹಿಡಿದಿಡುವ ನೂಲುಗಳು ಎಂದು ಡಾಕ್ಟರಮ್ಮ ಗೆರೆ ಎಳೆದು ತೋರಿಸಿದಾಗ ನನಗೆ ಆ ಸದ್ದೇ ಕೇಳಿಸಿತು. ಆಮೇಲೆ ನಾನು ಕೋಳಿ ಮುಟ್ಟಿರಲಿಲ್ಲ.

ಮಗು ಸ್ವಲ್ಪ ಸುಧಾರಿಸುವ ತನಕ ಎರವಲು ಚರ್ಮ ಹೊದಿಸಿದರು. ಸತ್ತವರು ಯಾರೋ ದಾನ ಕೊಟ್ಟದ್ದು. ಎಳೆಯ ಭುಜದ ಮೇಲೆ ಮುದಿ ಚರ್ಮ, ಅದರಲ್ಲೊಂದು ಮಚ್ಚೆ. ಕೈಗವಸಿನ ಬೆರಳು ತಾಗಿಸಿದೆ. ಬೆಚ್ಚಗಿತ್ತು.

"ಯಾರದ್ದು ಅಂತ ಕೇಳು ಮಾರಾಯ" ಎಂದೆ ಮಗನಿಗೆ.

"ಹೆಸರು ಕೊಡುದಿಲ್ಲಮ್ಮ. ನಿಂಗೆ ಎಂತಕ್ಕೆ? ಸೀರೆ ಉಡಿಸ್ಲಿಕ್ಕುಂಟಾ?"

"ಬಡಿಸ್ಲಿಕ್ಕುಂಟು. ಹೆಸರು ಕರೀದಿದ್ರೆ ಅವರು ಬರುದು ಹೇಗೆ?"

ಅವನು ನಕ್ಕ. ನಾನು ನಗಲಿಲ್ಲ. ಹಸಿದು ಅವರೇ ಮಗುವನ್ನು ಹುಡುಕಿಕೊಂಡು ಬಂದರೆ? ಆ ಮೈಯ ಗುರುತು ಅವರಿಗಿತ್ತಲ್ಲ.

ಆಮೇಲೆ ಎರವಲು ತೆಗೆದು, ಪೂರ್ವಿಯದೇ ತೊಡೆಯ ತೆಳು ಚರ್ಮವನ್ನು ಬಲೆಯ ಹಾಗೆ ಹಿಗ್ಗಿಸಿ ಹಾಕಿದರು. ಹಿಡಿದದ್ದು ಅದು. ಅಲ್ಲಿ ಮುಟ್ಟಿದರೆ ಮಗುವಿಗೆ ತಿಳಿಯಲು ಇನ್ನೂ ತಿಂಗಳುಗಳು ಬೇಕಂತೆ.

ಇವತ್ತು ಸಂಜೆ ಕೋಳಿ ಸುಲಿದೆ. ಸದ್ದು ಬಂತು, ಬರಲಿ ಎಂದು ಸುಲಿದು ಮುಗಿಸಿ ಸಾರು ಮಾಡಿದೆ. ಒಳಕೋಣೆಯಲ್ಲಿ ದೀಪ ಇಟ್ಟು ಒಂದು ಬಾಳೆಲೆ ಹಾಕಿದೆ.

"ಅತ್ತೆ, ಅವರು ವೆಜ್ ಆಗಿದ್ರೆ?" ಎಂದಳು ಸೊಸೆ. ಅದೂ ಹೌದು. ಪಕ್ಕದಲ್ಲಿ ಬಟಾಟೆ ಪಲ್ಯವನ್ನೂ ಬಡಿಸಿದೆ.

"ನಮ್ಮ ಮಗುವನ್ನು ಮುಚ್ಚಿದವರೇ, ಬಂದು ಉಂಡು ಹೋಗಿ" ಎಂದು ಕರೆದು, ಪದ್ಧತಿಯಂತೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು. ಊರಿನಲ್ಲಾದರೆ ಅಂಗಳ, ಇಲ್ಲಿ ಬಿಲ್ಡಿಂಗಿನ ಪ್ಯಾಸೇಜು.

"ಕಾಯ್ ಝಾಲಂ, ಚಾವಿ ಹರವಲಿ ಕಾ?" ಎಂದರು ಎದುರು ಮನೆಯ ಮರಾಠಿ ಹೆಂಗಸು ಕಾಕು. ಕೀಲಿ ಕಳೆದಿಲ್ಲ, ಒಳಗೆ ನೆಂಟರು ಊಟ ಮಾಡುತ್ತಿದ್ದಾರೆ ಎಂದು ಹೇಳುವುದು ಹೇಗೆ?

ಆಗ ಪೂರ್ವಿ ನನ್ನ ಸೆರಗು ಎಳೆದಳು. "ಆಜಿ, ಯಹಾಂ ಕಿಸೀನೇ ಹಾಥ್ ರಖಾ."

ಯಾರೋ ಕೈ ಇಟ್ಟರಂತೆ. ತೋರಿಸಿದ್ದು ಭುಜ, ಆ ಮಚ್ಚೆ ಇದ್ದ ಜಾಗ. ಅವಳ ಹಿಂದೆ ಬರೀ ಗೋಡೆ.

"ಹೆದರಿಕೆ ಆಯ್ತಾ ಮಗಾ?"

"ನಹೀ. ಗರಮ್ ಥಾ."

ಬೆಚ್ಚಗಿತ್ತಂತೆ.

ಬಾಗಿಲು ತಟ್ಟಿ ಒಳಗೆ ಹೋದೆವು. ದೀಪ ಅಲುಗದೆ ಉರಿಯುತ್ತಿತ್ತು. ಆ ಎಲೆಯ ಸುತ್ತಲೇ ಎಲ್ಲರೂ ಊಟಕ್ಕೆ ಕುಳಿತೆವು. ಪೂರ್ವಿ ಅದರ ಪಕ್ಕದಲ್ಲೇ ಕುಳಿತು, ಬಲ ಮೊಣಕೈ ಮೆಲ್ಲನೆ ಮಡಚಿ, ಮೊದಲ ತುತ್ತನ್ನು ತಾನೇ ಬಾಯಿಗಿಟ್ಟುಕೊಂಡಳು. ನಾನು ಆ ಎಲೆಗೆ ಇನ್ನೊಂದು ಸಲ ಬಡಿಸಿದೆ.